ಊರಿನ ಒಂದು ಕೆರೆಯಿಂದ ಜಿಐಎಸ್ ಕಲಿಯುವುದು: ಮಲೆನಾಡಿನ ಓದುಗರಿಗೆ ಸಮಗ್ರ ಮಾರ್ಗದರ್ಶಿ

ಬೆಳೆ ಸಮೀಕ್ಷೆಯ ಆ್ಯಪ್ ತೆರೆದು ತಮ್ಮ ಸರ್ವೆ ನಂಬರಿನೊಳಗೆ ನಿಂತು ತೋಟದ ಫೋಟೊ ತೆಗೆದವರು ಮತ್ತು ದಿಶಾಂಕ್ ಆ್ಯಪ್‌ನಲ್ಲಿ ತಾವು ನಿಂತ ಜಾಗ ಯಾವ ಸರ್ವೆ ನಂಬರಿಗೆ ಸೇರಿದೆ ಎಂದು ನೋಡಿದವರು ಭೌಗೋಳಿಕ ಮಾಹಿತಿ ವ್ಯವಸ್ಥೆಯನ್ನು, ಅಂದರೆ ಜಿಐಎಸ್ ಅನ್ನು, ಈಗಾಗಲೇ ಬಳಸಿದ್ದಾರೆ. ಭೂಮಿಯ ಮೇಲಿನ ಒಂದು ಸ್ಥಳವನ್ನೂ ಆ ಸ್ಥಳಕ್ಕೆ ಸೇರಿದ ವಿವರಗಳನ್ನೂ ಒಟ್ಟಿಗೆ ಇರಿಸಿ, ಅವುಗಳ ಮೇಲೆ ಪ್ರಶ್ನೆ ಕೇಳಲು ಅನುವು ಮಾಡಿಕೊಡುವುದೇ ಈ ವ್ಯವಸ್ಥೆಯ ಕೆಲಸ. ಕಾಗದದ ನಕ್ಷೆ ಕೆರೆ ಎಲ್ಲಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಜಿಐಎಸ್‌ನಲ್ಲಿ ಅದೇ ಕೆರೆಯನ್ನು ಒತ್ತಿದರೆ ಅದರ ವಿಸ್ತೀರ್ಣ, ತೂಬಿನ ಸ್ಥಿತಿ, ಹೂಳೆತ್ತಿದ ವರ್ಷ, ಅಚ್ಚುಕಟ್ಟಿನ ಸರ್ವೆ ನಂಬರುಗಳು ತೆರೆದುಕೊಳ್ಳುತ್ತವೆ; ಎರಡು ಎಕರೆಗಿಂತ ದೊಡ್ಡದಾಗಿದ್ದು ತೂಬು ಕೆಟ್ಟಿರುವ ಕೆರೆಗಳು ಪಂಚಾಯಿತಿಯಲ್ಲಿ ಯಾವುವು ಎಂದು ಕೇಳಿದರೆ ಅವು ಮಾತ್ರ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತವೆ.

ಈ ಆಲೋಚನೆ ಕಂಪ್ಯೂಟರಿಗಿಂತ ಹಳೆಯದು. 1854ರಲ್ಲಿ ಲಂಡನ್ನಿನ ಸೋಹೊ ಪ್ರದೇಶದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಸಾವು ಸಂಭವಿಸಿದ ಮನೆಗಳನ್ನೂ ನೀರಿನ ಪಂಪುಗಳನ್ನೂ ಒಂದೇ ನಕ್ಷೆಯ ಮೇಲೆ ಗುರುತಿಸಿ, ಸಾವುಗಳು ಒಂದು ಪಂಪಿನ ಸುತ್ತ ಗುಂಪುಗೂಡಿರುವುದನ್ನು ತೋರಿಸಿದರು. ಇದನ್ನು ಕಂಪ್ಯೂಟರಿಗೆ ತಂದ ಮೊದಲ ದೊಡ್ಡ ಪ್ರಯತ್ನ ನಡೆದದ್ದು 1960ರ ದಶಕದ ಕೆನಡಾದಲ್ಲಿ, ರೋಜರ್ ಟಾಮ್ಲಿನ್ಸನ್ ಅವರ ನೇತೃತ್ವದಲ್ಲಿ. ನಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಇದರ ಅಗತ್ಯವನ್ನು ವಿವರಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆ ಬಂತೆಂದರೆ ಭಯ ಹುಟ್ಟಿಸುತ್ತದೆ. ಮಂಗ ಸತ್ತು ಬಿದ್ದ ಜಾಗ, ಉಣುಗು ಸಿಕ್ಕ ಜಾಗ, ಜನ ದರಗು ಗುಡಿಸಲು ಹೋಗುವ ಕಾಡು, ಜ್ವರ ಬಂದವರ ಊರು ಇವಿಷ್ಟೂ ನಾಲ್ಕು ಪುಸ್ತಕಗಳಲ್ಲಿ ಚದುರಿದ್ದರೆ ಅವುಗಳ ನಡುವಿನ ಸಂಬಂಧ ಕಾಣುವುದಿಲ್ಲ. ಒಂದೇ ನಕ್ಷೆಗೆ ಬಂದಾಗ ಮುಂದಿನ ವಾರ ಯಾವ ಊರಿಗೆ ಮೊದಲು ಹೋಗಬೇಕು ಎಂಬುದು ತಿಳಿಯುತ್ತದೆ.

ಈ ಮಾರ್ಗದರ್ಶಿಯಲ್ಲಿ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ಹೋಗುತ್ತೇನೆ: ನಿಮ್ಮೂರಿನ ಒಂದು ಕೆರೆಯನ್ನು ನಕ್ಷೆಗೆ ತಂದು, ಅದಕ್ಕೆ ನೀರು ಹರಿದು ಬರುವ ಪ್ರದೇಶವನ್ನು, ಅಂದರೆ ಅದರ ಜಲಾನಯನವನ್ನು, ಗುರುತಿಸುವುದು. ಸೊರಬ, ಶಿಕಾರಿಪುರ, ಸಾಗರದ ಕಡೆ ಹೆಜ್ಜೆಗೊಂದು ಕೆರೆಯಿದೆ; ಅವುಗಳ ಹಳ್ಳ, ಕಾಲುವೆ, ಹಳೆಯ ಎಲ್ಲೆಗಳ ತಿಳಿವಳಿಕೆ ಬಹುಪಾಲು ಹಿರಿಯರ ನೆನಪಿನಲ್ಲಿದೆ. ಜಿಐಎಸ್ ಕಲಿಕೆಯಲ್ಲಿ ತಂತ್ರಾಂಶದ ಪಾಲು ಚಿಕ್ಕದು, ಆ ನೆನಪನ್ನು ನೆಲದ ಮೇಲೆ ನಡೆದು ಪರಿಶೀಲಿಸಿ ದಾಖಲಿಸುವ ಪಾಲೇ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಬರೆದುಕೊಳ್ಳುವುದು

ತಂತ್ರಾಂಶ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ನಿಮ್ಮ ಪ್ರಶ್ನೆಯನ್ನು ಪೂರ್ಣ ವಾಕ್ಯದಲ್ಲಿ ಬರೆಯಿರಿ. "ಊರಿನ ನಕ್ಷೆ ಮಾಡಬೇಕು" ಎಂಬುದು ಪ್ರಶ್ನೆಯಲ್ಲ. "ಮೇಲಿನಕೆರೆಗೆ ನೀರು ಬರುವ ಗುಡ್ಡ ಯಾವುದು, ಅದರಲ್ಲಿ ಕಾಡು ಎಷ್ಟು, ಅಕೇಶಿಯಾ ನೆಡುತೋಪು ಎಷ್ಟು, ಹೊಸದಾಗಿ ತೋಟವಾದದ್ದು ಎಷ್ಟು" ಎಂಬುದು ಪ್ರಶ್ನೆ. ಇದರಿಂದಲೇ ಬೇಕಾದ ಪದರಗಳ, ಅಂದರೆ ನಕ್ಷೆಯಲ್ಲಿ ಒಂದರ ಮೇಲೊಂದು ಇರಿಸುವ ಒಂದೊಂದು ಬಗೆಯ ಮಾಹಿತಿಯ, ಪಟ್ಟಿ ಸಿದ್ಧವಾಗುತ್ತದೆ: ಕೆರೆಯ ಅಂಗಳ, ಏರಿ, ತೂಬು, ಕೋಡಿ, ಹಳ್ಳಗಳು, ಭೂಬಳಕೆ, ಭೂಮಿಯ ಎತ್ತರ, ಸರ್ವೆ ನಂಬರುಗಳ ಎಲ್ಲೆ. ತೂಬು, ಕೋಡಿಗಳನ್ನು ಬಿಂದುಗಳಾಗಿ, ಹಳ್ಳ, ಏರಿಗಳನ್ನು ರೇಖೆಗಳಾಗಿ, ಕೆರೆಯ ಅಂಗಳ ಮತ್ತು ಕಾಡನ್ನು ಬಹುಭುಜಗಳಾಗಿ ಬರೆಯುತ್ತೇವೆ. ಈ ಮೂರೂ ಬಗೆಗಳು ವೆಕ್ಟರ್ ಎಂಬ ಗುಂಪಿಗೆ ಸೇರುತ್ತವೆ. ಎತ್ತರದ ಮಾಹಿತಿ ಮತ್ತು ಉಪಗ್ರಹ ಚಿತ್ರಗಳು ರಾಸ್ಟರ್ ಎಂಬ ಇನ್ನೊಂದು ಗುಂಪಿನವು. ಅಲ್ಲಿ ನೆಲವು ಸಮನಾದ ಚೌಕಗಳಾಗಿ ವಿಂಗಡಣೆಯಾಗಿದ್ದು ಪ್ರತಿ ಚೌಕಕ್ಕೂ ಒಂದು ಅಂಕಿಯಿರುತ್ತದೆ.

ಎರಡನೆಯ ಹೆಜ್ಜೆ: ತಂತ್ರಾಂಶ ಮತ್ತು ನಿರ್ದೇಶಾಂಕ ಪದ್ಧತಿ

ಕ್ಯೂಜಿಐಎಸ್ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. 2002ರಲ್ಲಿ ಆರಂಭವಾದ ಇದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಇದರ ದೀರ್ಘಾವಧಿ ಬೆಂಬಲವಿರುವ ಆವೃತ್ತಿಯನ್ನೇ ಇಳಿಸಿಕೊಳ್ಳಿ. ಹೊಸಬರಿಗೆ ಹೊಸ ಸೌಲಭ್ಯಗಳಿಗಿಂತ ಸ್ಥಿರತೆ ಮುಖ್ಯ.

ಮುಂದಿನ ವಿಷಯವನ್ನು ಹಲವರು ಅವಸರದಲ್ಲಿ ದಾಟಿಬಿಡುತ್ತಾರೆ, ಆಮೇಲೆ ಎಲ್ಲ ಲೆಕ್ಕವೂ ತಪ್ಪುತ್ತದೆ. ಫೋನಿನ ಜಿಪಿಎಸ್ ಕೊಡುವ ಅಕ್ಷಾಂಶ ಮತ್ತು ರೇಖಾಂಶ ಡಿಗ್ರಿಗಳಲ್ಲಿರುತ್ತವೆ. ಆ ಪದ್ಧತಿಯ ಹೆಸರು ಡಬ್ಲ್ಯುಜಿಎಸ್ 84, ತಂತ್ರಾಂಶದಲ್ಲಿ ಅದರ ಗುರುತು ಇಪಿಎಸ್‌ಜಿ 4326. ಡಿಗ್ರಿ ಉದ್ದದ ಅಳತೆಯಲ್ಲ. ಈ ಪದ್ಧತಿಯಲ್ಲಿರುವ ಬಿಂದುವಿನ ಸುತ್ತ 500 ಎಂದು ಬರೆದು ವಲಯ ಎಳೆದರೆ ತಂತ್ರಾಂಶ ಅದನ್ನು 500 ಡಿಗ್ರಿ ಎಂದೇ ತೆಗೆದುಕೊಳ್ಳುತ್ತದೆ. ಮೀಟರುಗಳಲ್ಲಿ ಅಳೆಯಲು ಭೂಮಿಯ ಗುಂಡನ್ನು ಸಮತಲಕ್ಕೆ ಇಳಿಸಿದ ಪದ್ಧತಿ ಬೇಕು. ಪೂರ್ವ ರೇಖಾಂಶ 72ರಿಂದ 78 ಡಿಗ್ರಿಯವರೆಗಿನ ಪಟ್ಟಿಗೆ ಯುಟಿಎಂ ವಲಯ 43 ಉತ್ತರ ಎಂದು ಹೆಸರು, ಅದರ ಗುರುತು ಇಪಿಎಸ್‌ಜಿ 32643. ಈ ಪಟ್ಟಿಯ ನಡುಗೆರೆ 75 ಡಿಗ್ರಿ. ಶಿವಮೊಗ್ಗ ನಗರವಿರುವುದು ಸುಮಾರು 75.57 ಡಿಗ್ರಿಯಲ್ಲಿ. ಹೀಗಾಗಿ ಜಿಲ್ಲೆಯ ಏಳೂ ತಾಲ್ಲೂಕುಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಯೋಜನೆ ಆರಂಭಿಸಿದ ಕೂಡಲೇ ಕಿಟಕಿಯ ಬಲಗಡೆಯ ಕೆಳಮೂಲೆಯಲ್ಲಿ ಕಾಣುವ ಗುರುತನ್ನು ಒತ್ತಿ 32643 ಎಂದು ಆರಿಸಿ, ಹೊಸದಾಗಿ ರಚಿಸುವ ಪ್ರತಿ ಪದರಕ್ಕೂ ಅದನ್ನೇ ಕೊಡಿ.

ಇನ್ನೊಂದು ಎಚ್ಚರಿಕೆ ಅಂಕಿಗಳ ಕ್ರಮದ್ದು. ಮಾತಿನಲ್ಲಿ ನಾವು ಅಕ್ಷಾಂಶವನ್ನು ಮೊದಲು ಹೇಳುತ್ತೇವೆ, ತಂತ್ರಾಂಶವಾದರೋ ಎಕ್ಸ್ ಎಂಬಲ್ಲಿ ರೇಖಾಂಶವನ್ನು ಕೇಳುತ್ತದೆ. 13.93 ಮತ್ತು 75.57 ಅದಲುಬದಲಾದರೆ ಶಿವಮೊಗ್ಗದ ಬಿಂದು ನಾರ್ವೆಗೂ ಉತ್ತರದ ಸಮುದ್ರದಲ್ಲಿ ಹೋಗಿ ಬೀಳುತ್ತದೆ. ಬಿಂದುಗಳು ನಕ್ಷೆಯಲ್ಲಿ ಕಾಣೆಯಾದರೆ ಮೊದಲು ಇದನ್ನೇ ಪರೀಕ್ಷಿಸಿ.

ಮೂರನೆಯ ಹೆಜ್ಜೆ: ಹಿನ್ನೆಲೆಯ ಮಾಹಿತಿ

ಎತ್ತರದ ಮಾಹಿತಿಗೆ ಎರಡು ಉಚಿತ ಮೂಲಗಳಿವೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ಒಂದು. ಇಸ್ರೋದ ಭುವನ್ ಜಾಲತಾಣದಲ್ಲಿ ಸಿಗುವ ಕಾರ್ಟೋಡೆಮ್ ಇನ್ನೊಂದು. ಎರಡರಲ್ಲೂ ಒಂದು ಚೌಕದ ಬದಿ ಸುಮಾರು 30 ಮೀಟರ್. ಉಪಗ್ರಹ ಚಿತ್ರಕ್ಕೆ ಐರೋಪ್ಯ ಒಕ್ಕೂಟದ ಸೆಂಟಿನೆಲ್-2 ಸಾಕು; ಬೇರೆ ಬೇರೆ ಬಣ್ಣದ ಬೆಳಕನ್ನು ದಾಖಲಿಸುವ ಅದರ ಪಟ್ಟಿಗಳ (ಬ್ಯಾಂಡ್‌ಗಳ) ಪೈಕಿ ಸ್ಪಷ್ಟವಾದವುಗಳಲ್ಲಿ ಚೌಕದ ಬದಿ 10 ಮೀಟರ್.

ಈ ಅಂಕಿಗಳನ್ನು ನಮ್ಮ ಅಳತೆಗೆ ತಿರುಗಿಸಿ ನೋಡಿದರೆ ಅವುಗಳ ಶಕ್ತಿಯೂ ಮಿತಿಯೂ ಕೂಡಲೇ ಮನಸ್ಸಿಗೆ ಬರುತ್ತವೆ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಸೆಂಟಿನೆಲ್ ಚಿತ್ರದ ಒಂದು ಚೌಕ 100 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಎತ್ತರದ ಮಾಹಿತಿಯ ಒಂದು ಚೌಕ 900 ಚದರ ಮೀಟರ್, ಅಂದರೆ ಸುಮಾರು ಒಂಬತ್ತು ಗುಂಟೆ. ಹತ್ತು ಎಕರೆ ಕೆರೆ ಸೆಂಟಿನೆಲ್‌ನಲ್ಲಿ ನಾನೂರು ಚೌಕಗಳಾಗಿ ಚೆನ್ನಾಗಿ ಕಾಣುತ್ತದೆ; ಎರಡು ಗುಂಟೆಯ ಕಟ್ಟೆಯನ್ನು ಅದರಲ್ಲಿ ಹುಡುಕುವುದು ವ್ಯರ್ಥ.

ಮಲೆನಾಡಿನಲ್ಲಿ ಚಿತ್ರದ ದಿನಾಂಕವೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಬಿಳುಪಲ್ಲದೆ ಬೇರೇನೂ ಸಿಗುವುದು ಕಷ್ಟ. ಕೆರೆಯ ತುಂಬಿದ ಅಂಚು ಬೇಕಾದರೆ ಮಳೆ ಹಿಂದೆ ಸರಿದ ನಂತರದ ನವೆಂಬರ್ ಅಥವಾ ಡಿಸೆಂಬರ್ ಚಿತ್ರವನ್ನು, ನೀರು ಇಳಿದ ಅಂಚು ಬೇಕಾದರೆ ಏಪ್ರಿಲ್ ಚಿತ್ರವನ್ನು ಆರಿಸಿ. ಹಸಿರಿನ ಪ್ರಮಾಣ ತಿಳಿಯಲು ಬಳಸುವ ಎನ್‌ಡಿವಿಐ ಎಂಬ ಸೂಚ್ಯಂಕ ಅವಕೆಂಪು ಮತ್ತು ಕೆಂಪು ಬೆಳಕಿನ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದಾಗ ಬರುತ್ತದೆ. ಸೆಂಟಿನೆಲ್-2ರಲ್ಲಿ ಅವು ಎಂಟನೆಯ ಮತ್ತು ನಾಲ್ಕನೆಯ ಪಟ್ಟಿಗಳು. ಬಯಲುಸೀಮೆಯಲ್ಲಿ ಇದು ಬೆಳೆಯನ್ನೂ ಬರಡನ್ನೂ ಸುಲಭವಾಗಿ ಬೇರ್ಪಡಿಸುತ್ತದೆ. ನಮ್ಮಲ್ಲಿ ಕಾನು, ಅಡಿಕೆ ತೋಟ, ಅಕೇಶಿಯಾ ಮೂರೂ ವರ್ಷವಿಡೀ ಹಸಿರು. ಈ ಒಂದು ಸೂಚ್ಯಂಕವನ್ನು ನಂಬಿ ಕಾಡಿನ ವಿಸ್ತೀರ್ಣ ಹೇಳಿದರೆ ನೆಡುತೋಪು ಮತ್ತು ತೋಟಗಳೂ ಕಾಡಿನ ಲೆಕ್ಕಕ್ಕೆ ಸೇರಿಬಿಡುತ್ತವೆ. ಸೊಪ್ಪಿನಬೆಟ್ಟ, ಬ್ಯಾಣ, ಕಾನು ಎಂಬ ವ್ಯತ್ಯಾಸಗಳಂತೂ ಬಳಕೆ ಮತ್ತು ಹಕ್ಕಿಗೆ ಸಂಬಂಧಿಸಿದವು. ಅವನ್ನು ಯಾವ ಉಪಗ್ರಹವೂ ಹೇಳಲಾರದು, ಪಹಣಿ ಮತ್ತು ಊರವರು ಮಾತ್ರ ಹೇಳಬಲ್ಲರು.

ನಾಲ್ಕನೆಯ ಹೆಜ್ಜೆ: ಗ್ರಾಮ ನಕ್ಷೆಯನ್ನು ನೆಲಕ್ಕೆ ಹೊಂದಿಸುವುದು

ಕಂದಾಯ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆಯನ್ನು ಪಿಡಿಎಫ್ ರೂಪದಲ್ಲಿ ಇಳಿಸಿಕೊಂಡು ಚಿತ್ರವಾಗಿ ಪರಿವರ್ತಿಸಿ. ಅದು ಇನ್ನೂ ಕೇವಲ ಚಿತ್ರ. ಅದರಲ್ಲಿನ ಯಾವ ಗೆರೆ ಭೂಮಿಯ ಯಾವ ಜಾಗದ್ದು ಎಂದು ತಂತ್ರಾಂಶಕ್ಕೆ ತಿಳಿಯದು. ಜಿಯೋರೆಫರೆನ್ಸರ್ ಎಂಬ ಉಪಕರಣದಲ್ಲಿ ಚಿತ್ರವನ್ನು ತೆರೆದು, ನಕ್ಷೆಯಲ್ಲೂ ನೆಲದಲ್ಲೂ ಖಚಿತವಾಗಿ ಗುರುತಿಸಬಹುದಾದ ಜಾಗಗಳನ್ನು ಒಂದಕ್ಕೊಂದು ಜೋಡಿಸಬೇಕು. ಮೂರು ಗ್ರಾಮಗಳ ಗಡಿ ಕೂಡುವ ಕಲ್ಲು ಇದಕ್ಕೆ ಅತ್ಯುತ್ತಮ. ಹಳೆಯ ದೇವಸ್ಥಾನ, ಕೆರೆ ಏರಿಯ ಎರಡು ತುದಿ, ಹಳೆಯ ಗಾಡಿರಸ್ತೆಗಳು ಕೂಡುವ ಜಾಗ ಸಹ ಆದೀತು. ಹಳ್ಳದ ತಿರುವನ್ನು ಮಾತ್ರ ಬಳಸಬೇಡಿ, ಏಕೆಂದರೆ ನಕ್ಷೆ ಬರೆದ ಕಾಲದಿಂದ ಇಲ್ಲಿಯವರೆಗೆ ಹಳ್ಳ ದಿಕ್ಕು ಬದಲಿಸಿರಬಹುದು.

ಸರಳ ವಿಧಾನಕ್ಕೆ ಮೂರು ಬಿಂದುಗಳು ಸಾಕಾದರೂ ಆರರಿಂದ ಎಂಟು ಇರಲಿ, ಮತ್ತು ಅವು ನಕ್ಷೆಯ ನಾಲ್ಕೂ ಮೂಲೆಗಳಿಗೆ ಹರಡಿರಲಿ. ಎಲ್ಲ ಬಿಂದುಗಳೂ ಊರಿನ ನಡುವೆಯೇ ಇದ್ದರೆ ನಡುಭಾಗ ಸರಿಯಾಗಿ ಕುಳಿತು ಅಂಚುಗಳು ಹತ್ತಾರು ಮೀಟರ್ ಸರಿದಿರುತ್ತವೆ. ಪ್ರತಿ ಬಿಂದುವಿನ ಮುಂದೆ ಉಳಿಕೆ ದೋಷ ಎಷ್ಟೆಂದು ತಂತ್ರಾಂಶ ತೋರಿಸುತ್ತದೆ. ಉಳಿದೆಲ್ಲ ಬಿಂದುಗಳಲ್ಲಿ ಐದಾರು ಮೀಟರ್ ಇದ್ದು ಒಂದರಲ್ಲಿ ಮಾತ್ರ ನಲವತ್ತು ಬಂದರೆ ಆ ಕಲ್ಲಿನ ಗುರುತೇ ತಪ್ಪಾಗಿರಬಹುದು, ಹೋಗಿ ನೋಡಿ ಬನ್ನಿ. ದೋಷ ತಗ್ಗಿಸಬೇಕೆಂದು ಹೆಚ್ಚು ಬಾಗಿಸುವ ವಿಧಾನಗಳ ಮೊರೆಹೋಗಬೇಡಿ; ಅಂಕಿ ಚಿಕ್ಕದಾಗುತ್ತದೆ, ನಕ್ಷೆ ಸೊಟ್ಟಗಾಗುತ್ತದೆ.

ಹೀಗೆ ಹೊಂದಿಸಿದ ನಕ್ಷೆ ಯೋಜನೆ ರೂಪಿಸಲು ಉಪಯುಕ್ತ, ಗಡಿ ತಕರಾರು ತೀರ್ಮಾನಿಸಲು ಅಲ್ಲ. ನೆರೆಹೊರೆಯವರ ಬೇಲಿಯ ವಿಚಾರ ಬಂದಾಗ ಸರ್ಕಾರಿ ಅಥವಾ ಪರವಾನಗಿ ಪಡೆದ ಭೂಮಾಪಕರ ಅಳತೆಯೇ ಬೇಕು. ಇದನ್ನು ನಕ್ಷೆಯ ಮೇಲೆಯೇ ಬರೆದಿಡುವುದು ಒಳ್ಳೆಯದು.

ಐದನೆಯ ಹೆಜ್ಜೆ: ಏರಿಯ ಮೇಲೆ ನಡೆಯುವುದು

ಕ್ಯೂಫೀಲ್ಡ್ ಎಂಬ ಆ್ಯಪ್ ಕ್ಯೂಜಿಐಎಸ್ ಯೋಜನೆಯನ್ನು ಫೋನಿನಲ್ಲಿ ತೆರೆಯುತ್ತದೆ, ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ. ಹೊಸನಗರ, ತೀರ್ಥಹಳ್ಳಿಯ ಒಳಊರುಗಳಲ್ಲಿ ಇದು ದೊಡ್ಡ ಅನುಕೂಲ. ಹೊರಡುವ ಮೊದಲೇ ಹಿನ್ನೆಲೆಯ ಚಿತ್ರ, ಗ್ರಾಮ ನಕ್ಷೆ, ಖಾಲಿ ಪದರಗಳು ಎಲ್ಲವನ್ನೂ ಫೋನಿಗೆ ತುಂಬಿಕೊಳ್ಳಿ.

ಬಯಲಿನಲ್ಲಿ ಆಕಾಶ ಸ್ಪಷ್ಟವಾಗಿ ಕಾಣುವಾಗ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು ಐದು ಮೀಟರಿನೊಳಗೆ ಸ್ಥಳ ಹೇಳುತ್ತದೆ. ಅಡಿಕೆ ತೋಟದೊಳಗೆ, ಕಾನಿನ ನೆರಳಿನಲ್ಲಿ, ಎರಡು ಗುಡ್ಡಗಳ ಸಂದಿನಲ್ಲಿ ಉಪಗ್ರಹದ ಸಂಕೇತ ಮರಗಳಿಗೂ ದರೆಗೂ ತಾಗಿ ಬರುವುದರಿಂದ ದೋಷ ಹಲವು ಪಟ್ಟು ಹೆಚ್ಚಬಹುದು. ಪರದೆಯ ಮೇಲೆ ಕಾಣುವ ನಿಖರತೆಯ ಅಂಕಿಯನ್ನು ನೋಡುತ್ತಿರಿ. ಅದು ಇಳಿದು ಸ್ಥಿರವಾಗುವವರೆಗೆ ನಿಂತು, ಹಲವು ಓದುಗಳ ಸರಾಸರಿ ತೆಗೆದುಕೊಳ್ಳಿ. ಏರಿಯ ಒಂದು ತುದಿಯಿಂದ ಆರಂಭಿಸಿ, ಬಾಗುವ ಪ್ರತಿ ಕಡೆಯೂ ಬಿಂದು ಹಾಕುತ್ತ ಸಾಗಿ. ತೂಬಿನ ಬಳಿ ನಿಂತಾಗ ಅದರ ಸ್ಥಳದ ಜೊತೆಗೆ ಫೋಟೊ, ತೂಬಿನ ಬಗೆ, ನೀರು ಸೋರುತ್ತಿದೆಯೇ ಎಂಬುದು, ನೋಡಿದ ದಿನಾಂಕ ಇವಿಷ್ಟನ್ನೂ ಅಲ್ಲಿಯೇ ತುಂಬಿ. ಮನೆಗೆ ಬಂದು ನೆನಪಿನಿಂದ ತುಂಬಿದ ವಿವರ ನಂಬಿಕೆಗೆ ಅರ್ಹವಲ್ಲ.

ವಿವರಗಳ ಕೋಷ್ಟಕವನ್ನು ಮೊದಲೇ ಕಟ್ಟುನಿಟ್ಟಾಗಿ ರೂಪಿಸಬೇಕು. ಒಬ್ಬರು "ಮೇಲಿನಕೆರೆ" ಎಂದೂ ಇನ್ನೊಬ್ಬರು "ಮೇಲಿನ ಕೆರೆ" ಎಂದೂ ಬರೆದರೆ ಕಂಪ್ಯೂಟರಿನ ಪಾಲಿಗೆ ಅವು ಎರಡು ಕೆರೆಗಳು. ತೂಬಿನ ಸ್ಥಿತಿಗೆ "ಸರಿಯಿದೆ", "ಸೋರುತ್ತಿದೆ", "ಮುಚ್ಚಿಹೋಗಿದೆ" ಎಂಬ ಮೂರೇ ಆಯ್ಕೆಗಳ ಪಟ್ಟಿ ಕೊಟ್ಟರೆ ಗೊಂದಲವಿಲ್ಲ. ಹೂಳೆತ್ತಿದ ವರ್ಷ ತಿಳಿಯದಿದ್ದರೆ ಜಾಗವನ್ನು ಖಾಲಿ ಬಿಡಿ, ಸೊನ್ನೆ ಬರೆಯಬೇಡಿ. ಸೊನ್ನೆ ಸರಾಸರಿಯ ಲೆಕ್ಕಕ್ಕೆ ಸೇರಿ ಉತ್ತರವನ್ನು ಕೆಡಿಸುತ್ತದೆ.

ಕನ್ನಡದಲ್ಲಿ ವಿವರ ತುಂಬುವವರು ಜಿಯೋಪ್ಯಾಕೇಜ್ ರೂಪದಲ್ಲಿ ಕಡತ ಉಳಿಸಬೇಕು. ಹಳೆಯ ಶೇಪ್‌ಫೈಲ್ ರೂಪದಲ್ಲಿ ಅಂಕಣದ ಹೆಸರಿಗೆ ಹತ್ತು ಅಕ್ಷರಗಳ ಮಿತಿಯಿದೆ, ಎನ್‌ಕೋಡಿಂಗ್ ತಪ್ಪಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಮತ್ತು ಒಂದೇ ಪದರ ನಾಲ್ಕಾರು ಕಡತಗಳಾಗಿ ಹರಡಿರುವುದರಿಂದ ಒಂದನ್ನು ಮಾತ್ರ ಕಳುಹಿಸಿದರೆ ಅದು ತೆರೆಯುವುದೇ ಇಲ್ಲ. ಪಂಚಾಯಿತಿಯಿಂದ ಸಿಕ್ಕ ಪಟ್ಟಿ ನುಡಿಯ ಹಳೆಯ ಅಕ್ಷರಶೈಲಿಯಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ.

ಬಿಂದುಗಳು ಬಂದ ಮೇಲೆ ಕೆರೆಯ ಅಂಚನ್ನು ಉಪಗ್ರಹ ಚಿತ್ರದ ನೆರವಿನಿಂದ ಬಹುಭುಜವಾಗಿ ಬರೆದು, ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ವಿಸ್ತೀರ್ಣ ಲೆಕ್ಕ ಹಾಕಿ. ಚದರ ಮೀಟರಿನಲ್ಲಿ ಬಂದ ಉತ್ತರವನ್ನು 4046.86ರಿಂದ ಭಾಗಿಸಿದರೆ ಎಕರೆ ಬರುತ್ತದೆ. ಅದರ ದಶಮಾಂಶ ಭಾಗವನ್ನು 40ರಿಂದ ಗುಣಿಸಿದರೆ ಗುಂಟೆ. ತಂತ್ರಾಂಶ ತೋರಿಸುವ 3.25 ಎಕರೆ ಎಂದರೆ ಪಹಣಿಯ ಭಾಷೆಯಲ್ಲಿ 3 ಎಕರೆ 10 ಗುಂಟೆ, 25 ಗುಂಟೆಯಲ್ಲ. ಇವೆರಡನ್ನು ಬೆರೆಸಿಬಿಟ್ಟರೆ ಒತ್ತುವರಿಯೇ ಇಲ್ಲದ ಕಡೆ ಒತ್ತುವರಿ ಕಂಡೀತು.

ಆರನೆಯ ಹೆಜ್ಜೆ: ನೀರು ಬರುವ ಗುಡ್ಡವನ್ನು ಗುರುತಿಸುವುದು

ಸಾಗರ ತಾಲ್ಲೂಕಿನಲ್ಲಿ ಒಂದು ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ಶರಾವತಿಯ ಮೂಲಕ ಅರಬ್ಬಿ ಸಮುದ್ರಕ್ಕೂ, ಪೂರ್ವಕ್ಕೆ ಬಿದ್ದದ್ದು ವರದಾ, ತುಂಗಭದ್ರಾ, ಕೃಷ್ಣಾ ನದಿಗಳ ಮೂಲಕ ಬಂಗಾಳ ಕೊಲ್ಲಿಗೂ ಸೇರಬಹುದು. ಎತ್ತರದ ಮಾಹಿತಿಯಿಂದ ಈ ನೀರ್ಗೆರೆಯನ್ನು ಎಳೆಯಬಹುದು. ಒಂದು ಕೆರೆಯ ಮಟ್ಟಿಗೂ ವಿಧಾನ ಅದೇ.

ಮೊದಲು ಎತ್ತರದ ರಾಸ್ಟರನ್ನು 32643ಕ್ಕೆ ಪರಿವರ್ತಿಸಿ, ಚೌಕದ ಅಳತೆ 30 ಮೀಟರ್ ಎಂದು ಕೊಡಿ. ಕೆರೆಯ ಸುತ್ತ ಧಾರಾಳವಾಗಿ ಕತ್ತರಿಸಿಕೊಳ್ಳಿ. ಗುಡ್ಡದ ನೆತ್ತಿ ಕತ್ತರಿಸಿದ ಅಂಚಿನ ಹೊರಗೆ ಉಳಿದರೆ ಜಲಾನಯನ ಅರ್ಧಕ್ಕೇ ನಿಲ್ಲುತ್ತದೆ. ಪ್ರಾಸೆಸಿಂಗ್ ಟೂಲ್‌ಬಾಕ್ಸ್‌ನಲ್ಲಿ ಗ್ರಾಸ್ ಗುಂಪಿನ ಆರ್.ವಾಟರ್‌ಶೆಡ್ ಉಪಕರಣವನ್ನು ತೆರೆದು, ಕನಿಷ್ಠ ಜಲಾನಯನದ ಅಳತೆಯಾಗಿ 100 ಚೌಕ, ಅಂದರೆ 9 ಹೆಕ್ಟೇರ್, ಕೊಡಿ. ನೀರು ಹರಿಯುವ ದಿಕ್ಕು, ಒಟ್ಟುಗೂಡುವ ಪ್ರಮಾಣ, ತೊರೆಗಳ ಸಾಲು ಮೂರೂ ಸಿಗುತ್ತವೆ. ಒಟ್ಟುಗೂಡುವ ಪ್ರಮಾಣದಲ್ಲಿ ಋಣ ಅಂಕಿಗಳು ಕಂಡರೆ ಕತ್ತರಿಸಿದ ಅಂಚಿನಾಚೆಯಿಂದಲೂ ಅಲ್ಲಿಗೆ ನೀರು ಬರುತ್ತಿರಬಹುದು ಎಂದರ್ಥ. ಅವು ನಿಮ್ಮ ಕೆರೆಯ ದಾರಿಯಲ್ಲಿದ್ದರೆ ಇನ್ನೂ ಅಗಲವಾಗಿ ಕತ್ತರಿಸಿ ಮತ್ತೆ ನಡೆಸಿ.

ನಂತರ ಆರ್.ವಾಟರ್.ಔಟ್‌ಲೆಟ್ ಉಪಕರಣಕ್ಕೆ ದಿಕ್ಕಿನ ರಾಸ್ಟರನ್ನೂ ನೀರು ಹೊರಬೀಳುವ ಬಿಂದುವಿನ ನಿರ್ದೇಶಾಂಕವನ್ನೂ ಕೊಟ್ಟರೆ ಆ ಬಿಂದುವಿಗೆ ಮೇಲಿನಿಂದ ಹರಿದು ಬರುವ ಪ್ರದೇಶವೆಲ್ಲ ಬೇರೆಯಾಗಿ ಬರುತ್ತದೆ. ಇಲ್ಲಿ ಕೋಡಿಯ ಸ್ಥಳವನ್ನು ಹಾಗೆಯೇ ಕೊಡಬೇಡಿ. ಕೋಡಿಯನ್ನು ಸಾಮಾನ್ಯವಾಗಿ ಏರಿಯ ಒಂದು ಮಗ್ಗುಲಿಗೆ ಕಟ್ಟಿರುತ್ತಾರೆ, ಮೂಲ ಹಳ್ಳದ ಗೆರೆ ಏರಿಯ ನಡುಭಾಗದಲ್ಲಿ ಹಾಯುತ್ತದೆ. ಒಂದೇ ಚೌಕ ಆಚೀಚೆಯಾದರೂ ಎಂಬತ್ತು ಹೆಕ್ಟೇರ್ ಬರಬೇಕಾದ ಕಡೆ ಒಂದು ಹೆಕ್ಟೇರ್ ಬರಬಹುದು. ಏರಿಯ ಬಳಿ ಒಟ್ಟುಗೂಡುವ ಪ್ರಮಾಣ ಅತಿ ಹೆಚ್ಚಿರುವ ಚೌಕವನ್ನು ಹುಡುಕಿ ಅದರ ನಿರ್ದೇಶಾಂಕ ಕೊಡಿ. ಸಿಕ್ಕ ರಾಸ್ಟರನ್ನು ಬಹುಭುಜವಾಗಿ ಪರಿವರ್ತಿಸಿದರೆ ವಿಸ್ತೀರ್ಣವೂ ಸಿಗುತ್ತದೆ.

ಜಲಾನಯನ 80 ಹೆಕ್ಟೇರ್ ಎಂದಾದರೆ ಅದರ ಮೇಲೆ ಬೀಳುವ ಒಂದು ಮಿಲಿಮೀಟರ್ ಮಳೆ 8 ಲಕ್ಷ ಲೀಟರ್. ಅಷ್ಟೂ ಕೆರೆಗೆ ಬರುವುದಿಲ್ಲ. ಕಾಡಿದ್ದರೆ ಬಹಳಷ್ಟು ಇಂಗುತ್ತದೆ, ಬೋಳುಗುಡ್ಡವಾದರೆ ಮಣ್ಣನ್ನೂ ಎಳೆದುಕೊಂಡು ಬರುತ್ತದೆ. ಮಳೆಯ ಅಂಕಿಯನ್ನು ಹತ್ತಿರದ ಮಳೆಮಾಪನ ಕೇಂದ್ರದಿಂದಲೇ ತೆಗೆದುಕೊಳ್ಳಿ, ಜಿಲ್ಲೆಯ ಸರಾಸರಿಯಿಂದ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಇದೇ ಜಿಲ್ಲೆಯ ಪೂರ್ವದ ಅಂಚಿನಲ್ಲಿ ಬೀಳುವುದು ಅದರ ಚಿಕ್ಕ ಪಾಲು ಮಾತ್ರ.

ಕಂಪ್ಯೂಟರ್ ಎಳೆದ ಈ ಗೆರೆಯನ್ನು ಮುದ್ರಿಸಿಕೊಂಡು ಗುಡ್ಡ ಹತ್ತಲೇಬೇಕು. ರೇಡಾರ್ ಅಳತೆ ದಟ್ಟ ಕಾಡಿನಲ್ಲಿ ನೆಲದ ಬದಲು ಮರಗಳ ತಲೆಯ ಕಡೆಗೆ ವಾಲುತ್ತದೆ; ಅಡಿಕೆ ತೋಟಗಳಿರುವ ಕಿರಿದಾದ ಕಣಿವೆಗಳು 30 ಮೀಟರಿನ ಚೌಕಗಳಲ್ಲಿ ಮುಚ್ಚಿಹೋಗಬಹುದು. ಹೊಸ ರಸ್ತೆಯ ಚರಂಡಿ, ಮೋರಿ, ಜೆಸಿಬಿಯಿಂದ ತೆಗೆದ ಅಗಳ ಇವು 2000ದ ಅಳತೆಯಲ್ಲಿ ಇರಲು ಸಾಧ್ಯವೇ ಇಲ್ಲ. ಜೋರು ಮಳೆಯ ದಿನ ನೀರು ಯಾವ ಕಡೆ ತಿರುಗುತ್ತದೆ ಎಂದು ದನ ಕಾಯುವವರನ್ನೂ ತೋಟಕ್ಕೆ ನೀರು ತಿರುಗಿಸುವವರನ್ನೂ ಕೇಳಿ, ಗೆರೆಯನ್ನು ತಿದ್ದಿ, ತಿದ್ದಿದ ಕಾರಣವನ್ನು ಕೋಷ್ಟಕದಲ್ಲಿ ಬರೆದಿಡಿ.

ಇದೇ ಕೌಶಲದ ಬೇರೆ ಉಪಯೋಗಗಳು

ಎತ್ತರದ ರಾಸ್ಟರಿನಿಂದ ಇಳಿಜಾರಿನ ನಕ್ಷೆ ಮಾಡಿ, ರಸ್ತೆಗಾಗಿ ಕಡಿದ ದರೆ ಮತ್ತು ಮನೆಗಳ ಪದರವನ್ನು ಅದರ ಮೇಲಿಟ್ಟರೆ ಮಳೆಗಾಲದಲ್ಲಿ ಗುಡ್ಡ ಜರಿಯಬಹುದಾದ ಕಡೆಗಳ ಮೊದಲ ಪಟ್ಟಿ ಸಿದ್ಧವಾಗುತ್ತದೆ. ಅಡಿಕೆಯ ಎಲೆಚುಕ್ಕಿ ರೋಗ ಕಂಡ ತೋಟಗಳನ್ನು ದಿನಾಂಕದೊಂದಿಗೆ ಗುರುತಿಸುತ್ತ ಹೋದರೆ ಅದು ಯಾವ ಕಣಿವೆಯಿಂದ ಯಾವ ಕಡೆಗೆ ಹರಡುತ್ತಿದೆ ಎಂಬುದು ಕಾಣುತ್ತದೆ.

ದೂರದ ಲೆಕ್ಕದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಆಸ್ಪತ್ರೆಯ ಸುತ್ತ ಇಷ್ಟು ಕಿಲೋಮೀಟರ್ ಎಂದು ವೃತ್ತ ಎಳೆಯುವುದು ಸುಲಭ. ಲಿಂಗನಮಕ್ಕಿ ಹಿನ್ನೀರಿನ ಆಚೆಯ ತುಮರಿ ಭಾಗದ ಊರುಗಳಿಗೆ ಆ ವೃತ್ತದಿಂದ ಯಾವ ಅರ್ಥವೂ ಇಲ್ಲ, ಏಕೆಂದರೆ ನಡುವೆ ನೀರಿದೆ. ಅಲ್ಲಿ ರಸ್ತೆಯ ಜಾಲದ ಮೇಲೆಯೇ ದೂರ ಅಳೆಯಬೇಕು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಲೆಕ್ಕ ಪೂರ್ತಿ ಬದಲಾಗಿದೆ. ಅದಕ್ಕೆ ಹಿಂದಿನ ರಸ್ತೆ ಪದರ ಬಳಸಿದರೆ ಇಂದಿಗೂ ಲಾಂಚಿನ ಕಾಲದ ಉತ್ತರವೇ ಬರುತ್ತದೆ. ಪ್ರತಿ ಪದರಕ್ಕೂ ಅದರ ದಿನಾಂಕ ಬರೆದಿಡಬೇಕೆಂದು ಹೇಳುವುದು ಇದಕ್ಕಾಗಿಯೇ.

ಕೊನೆಯ ಹೆಜ್ಜೆ: ಮುದ್ರಣ ಮತ್ತು ಹಂಚಿಕೆ

ಪ್ರಿಂಟ್ ಲೇಔಟ್‌ನಲ್ಲಿ ಎ3 ಅಳತೆಯ ಹಾಳೆ ಆರಿಸಿ, ಶೀರ್ಷಿಕೆ, ಉತ್ತರ ದಿಕ್ಕು, ಅಳತೆಪಟ್ಟಿ, ಚಿಹ್ನೆಗಳ ವಿವರಣೆ, ಮಾಹಿತಿಯ ಮೂಲ ಮತ್ತು ದಿನಾಂಕ ಸೇರಿಸಿ. ಊರಿನ ಜಾಗಗಳಿಗೆ ಊರವರು ಕರೆಯುವ ಹೆಸರುಗಳನ್ನೇ ಹಾಕಿ. ಸರ್ವೆ ನಂಬರಿಗಿಂತ ಹಳ್ಳದ ಹೆಸರಿನಿಂದ ಜನ ನಕ್ಷೆಯನ್ನು ಬೇಗ ಓದುತ್ತಾರೆ. ಗ್ರಾಮಸಭೆಯಲ್ಲಿ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಪೆನ್ಸಿಲ್ ಕೊಟ್ಟು, ತಪ್ಪಿದ್ದರೆ ಅದರ ಮೇಲೆಯೇ ತಿದ್ದಲು ಹೇಳಿ.

ಎಲ್ಲವನ್ನೂ ಎಲ್ಲರಿಗೂ ಹಂಚಬೇಕಿಲ್ಲ. ಒಳ್ಳೆಯ ಅಪ್ಪೆಮಿಡಿ ಮರದ ನಿಖರ ಸ್ಥಳ ಬಹಿರಂಗವಾದರೆ ಕಾಯಿಗಾಗಿ ಕೊಂಬೆಯನ್ನೇ ಕಡಿಯುವವರಿಗೂ ದಾರಿ ತೋರಿಸಿದಂತಾಗುತ್ತದೆ. ರೋಗಿಗಳ ಮನೆ ಗುರುತಿಸಿದ ಪದರವಂತೂ ಆರೋಗ್ಯ ಸಿಬ್ಬಂದಿಯ ಕೈಯಲ್ಲಿ ಮಾತ್ರ ಇರಬೇಕು. ಸಾರ್ವಜನಿಕ ಪ್ರತಿಯಲ್ಲಿ ಇಂಥವನ್ನು ಊರಿನ ಮಟ್ಟಕ್ಕಷ್ಟೇ ತೋರಿಸಿ.

ಯೋಜನೆಯ ಕಡತ, ಜಿಯೋಪ್ಯಾಕೇಜ್, ಫೋಟೊಗಳು ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಯಾವ ಪದರ ಎಲ್ಲಿಂದ, ಯಾವ ದಿನ, ಯಾವ ನಿಖರತೆಯಲ್ಲಿ ಬಂತು ಎಂದು ಅರ್ಧ ಪುಟದ ಟಿಪ್ಪಣಿ ಬರೆದು ಸೇರಿಸಿ. ಒಂದು ಪ್ರತಿ ಪಂಚಾಯಿತಿಯ ಪಿಡಿಒ ಬಳಿ, ಇನ್ನೊಂದು ಊರಿನ ಶಾಲೆಯಲ್ಲಿ ಇರಲಿ. ಬರುವ ನವೆಂಬರ್‌ನಲ್ಲಿ ಮಳೆ ನಿಂತ ಮೇಲೆ ಏರಿ, ತೂಬು, ಕೋಡಿಗಳ ಸುತ್ತು ಹಾಕಿ ಹೊಸ ದಿನಾಂಕದೊಂದಿಗೆ ಸ್ಥಿತಿಯನ್ನು ತುಂಬಿ. ಹಳೆಯ ಸಾಲನ್ನು ಅಳಿಸದೆ ಅದರ ಕೆಳಗೆ ಹೊಸ ಸಾಲು ಸೇರಿಸಿ.